ಹೆದ್ದಾರಿ ಬಿಟ್ಟ ದಾರಿಗಳು

ಸೈಕಲ್ ಸವಾರಿಯ ಹುಚ್ಚು ಹತ್ತಿದವರಿಗೆ ಗುಡ್ಡವೆಂದರೆ ಆಗುಂಬೆ, ಮುಳ್ಳಯ್ಯನಗಿರಿ, ಕೊಡಚಾದ್ರಿ. ರಜೆ ಬಂತೆಂದರೆ ಕಾರಿನ ಹಿಂಬದಿಗೆ ಸೈಕಲ್ ಕಟ್ಟಿಕೊಂಡು ಘಟ್ಟದ ಕಡೆ ಓಡುವವರು ದಾವಣಗೆರೆ, ಶಿವಮೊಗ್ಗದಂಥ ಊರುಗಳಲ್ಲೂ ಇದ್ದಾರೆ. ಅಲ್ಲಿ ಅವರಿಗೆ ಸಿಗುವುದು ತಿರುವು ತಿರುವಿನಲ್ಲೂ ಹಾರ್ನ್ ಬಾರಿಸುವ ಟೆಂಪೊ ಟ್ರಾವೆಲರ್, ಸೆಲ್ಫಿಗೆಂದು ನಡುದಾರಿಯಲ್ಲೇ ನಿಂತ ಕಾರುಗಳು, ಒಂದಿಷ್ಟು ಡೀಸೆಲ್ ಹೊಗೆ. ಇತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿ ರಸ್ತೆಗಳಲ್ಲಿ ಬೆಳಿಗ್ಗೆ ಹೊತ್ತು ಅರ್ಧ ತಾಸು ತುಳಿದರೂ ಎದುರಾಗುವುದು ಒಂದೆರಡು ಬೈಕು, ಒಂದು ಹಾಲಿನ ಗಾಡಿ, ಅದೃಷ್ಟವಿದ್ದರೆ ಒಂದು ಕುರಿಮಂದೆ. ಡಾಂಬರು ಮಾತ್ರ ಎಷ್ಟೋ ಕಡೆ ಘಟ್ಟದ ರಸ್ತೆಗಿಂತ ನಯ.

‘ಅಲ್ಲೇನಿದೆ, ಬರೀ ಬಯಲು’ ಎನ್ನುವವರು ಕಾರಿನಲ್ಲಿ ಕೂತು ನೋಡಿದವರು. ಕಾರಿಗೆ ಬಯಲಾಗಿ ಕಂಡದ್ದು ಕಾಲಿಗೆ ಬಯಲಲ್ಲ. ಇಲ್ಲಿ ಒಂದೇ ಏಟಿಗೆ ಹತ್ತು ಕಿಲೋಮೀಟರ್ ಏರುವ ಘಾಟಿ ಇಲ್ಲ, ನಿಜ. ಆದರೆ ದಿಣ್ಣೆ ಏರಿ, ಹಳ್ಳಕ್ಕೆ ಇಳಿದು, ಮತ್ತೆ ದಿಣ್ಣೆ ಏರಿ, ಮತ್ತೆ ಹಳ್ಳಕ್ಕೆ ಇಳಿಯುವ ಲೆಕ್ಕ ಸಂಜೆಗೆ ಕೂಡಿಸಿ ನೋಡಿದರೆ ತೊಡೆಗೆ ಗೊತ್ತಾಗುತ್ತದೆ.

ಇದರ ಕಾರಣ ಕಲ್ಲಿನಲ್ಲಿದೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿಟ್ಟು ಕರೆದ ಪುರಾತನ ಶಿಲಾಪಟ್ಟಿಗಳು ಈ ಭಾಗದಲ್ಲಿ ಹಾದುಹೋಗುತ್ತವೆ. ನ್ಯಾಮತಿ, ಹೊನ್ನಾಳಿ ಕಡೆ ಶಿವಮೊಗ್ಗದ ಪಟ್ಟಿ. ಜಗಳೂರು ಕಡೆ ಚಿತ್ರದುರ್ಗದ ಪಟ್ಟಿ. ನ್ಯಾಮತಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿ ಸುತ್ತ ಹಿಂದೆ ಚಿನ್ನಕ್ಕಾಗಿ ಅಗೆದದ್ದೂ ಈ ಕಲ್ಲನ್ನೇ. ಎರಡೂ ಪಟ್ಟಿಗಳು ಹೆಚ್ಚುಕಡಿಮೆ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಮಲಗಿವೆ. ಮೆದು ಕಲ್ಲು ಸವೆದು ಕಣಿವೆಯಾಯಿತು, ಗಟ್ಟಿ ಕಲ್ಲು ಉಳಿದು ಗುಡ್ಡಸಾಲಾಯಿತು. ಹಾಗಾಗಿ ಗುಡ್ಡಸಾಲಿನ ಗುಂಟ ಉತ್ತರಕ್ಕೋ ದಕ್ಷಿಣಕ್ಕೋ ಹೋಗುವ ರಸ್ತೆ ಸಮವಾಗಿರುತ್ತದೆ, ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆ ಸಾಲನ್ನೂ ಹಳ್ಳವನ್ನೂ ದಾಟುತ್ತ ಏರಿಳಿಯುತ್ತದೆ. ಇಷ್ಟು ತಿಳಿದವರಿಗೆ ನಕ್ಷೆ ನೋಡಿದ ಕೂಡಲೇ ಯಾವ ದಾರಿ ಬೆವರಿಳಿಸುತ್ತದೆ ಎಂದು ಅಂದಾಜು ಸಿಗುತ್ತದೆ.

ಇನ್ನು ನಿಶ್ಶಬ್ದದ ಕಾರಣ. ದೊಡ್ಡ ರಸ್ತೆಗಳೆಲ್ಲ ಸುಲಭದ ದಾರಿ ಹಿಡಿದವು. ಶಿವಮೊಗ್ಗ–ಹೊನ್ನಾಳಿ–ಹರಿಹರ ರಸ್ತೆ ತುಂಗಭದ್ರೆಯ ಜೊತೆಯಲ್ಲಿ ಸಾಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ, ಹಿಂದೆ ಸೊಲ್ಲಾಪುರ–ಮಂಗಳೂರು ನಡುವಿನ 13ನೇ ನಂಬರಿನ ಹೆದ್ದಾರಿಯಾಗಿದ್ದದ್ದು, ಲಾರಿಗಳನ್ನೆಲ್ಲ ತನ್ನತ್ತ ಎಳೆದುಕೊಂಡಿದೆ. ಇವು ಅಗಲವಾದಷ್ಟೂ ಊರಿಂದ ಊರಿಗೆ ಹೋಗುವ ಅಡ್ಡ ರಸ್ತೆಗಳು ಖಾಲಿಯಾದವು. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲದ್ದರಿಂದ ಊರುಗಳು ಬಸ್ಸು ನಿಲ್ಲುವ ರಸ್ತೆಯ ಕಡೆಗೇ ಬೆಳೆದಿವೆ. ಹಿಂದಿನ ಬಂಡಿ ಜಾಡುಗಳು ಹಿತ್ತಿಲಾಗಿವೆ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ್ದೇ ಆದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಈ ಜಾಡುಗಳಿಗೆ ಡಾಂಬರು ಹಾಕಿದವು. 3.75 ಮೀಟರ್ ಅಗಲ, ಎರಡು ಬದಿ ಮಣ್ಣು. ಕಾರುಗಳು ಎದುರುಬದುರಾದರೆ ಒಂದು ಕೆಳಗಿಳಿಯಲೇಬೇಕಾದ ಈ ಅಗಲ ಸೈಕಲ್ಲಿಗೆ ಧಾರಾಳ ಸಾಕು.

ಈ ರಸ್ತೆಗಳ ತಲೆಯಲ್ಲಿ ನಿಂತಿರುವ ಫಲಕವನ್ನು ಯಾರೂ ಓದುವುದಿಲ್ಲ. ಸೈಕಲ್ಲಿನವರು ಓದಬೇಕು. ಅದರಲ್ಲಿ ರಸ್ತೆಯ ಉದ್ದ, ಯಾವ ಊರಿನಿಂದ ಯಾವ ಊರಿಗೆ ಎಂಬ ವಿವರ, ಕಾಮಗಾರಿ ಮುಗಿದ ತಾರೀಖು ಬರೆದಿರುತ್ತಾರೆ. ಗ್ರಾಮ ಸಡಕ್ ರಸ್ತೆಯನ್ನು ಕಟ್ಟಿದ ಗುತ್ತಿಗೆದಾರರೇ 5 ವರ್ಷ ನೋಡಿಕೊಳ್ಳಬೇಕೆಂಬ ನಿಯಮವಿದೆ. ತಾರೀಖು ಈ ಐದು ವರ್ಷದ ಒಳಗಿದ್ದರೆ ಧೈರ್ಯವಾಗಿ ನುಗ್ಗಬಹುದು. ಅದನ್ನು ದಾಟಿದ್ದರೆ ಗುಂಡಿಗೆ ಸಿದ್ಧರಾಗಿ ಹೋಗಬೇಕು. ಏರಿನ ಲೆಕ್ಕಕ್ಕೂ ಒಂದು ಆಧಾರವಿದೆ: ಗ್ರಾಮೀಣ ರಸ್ತೆ ಕಟ್ಟುವ ನಿಯಮದ ಪ್ರಕಾರ ಬಯಲು ಮತ್ತು ಏರುತಗ್ಗಿನ ನೆಲದಲ್ಲಿ ಸಾಮಾನ್ಯ ಇಳಿಜಾರು ಶೇ 3.3, ಅಂದರೆ 30 ಮೀಟರಿಗೆ 1 ಮೀಟರ್. ಬಂಡಿ ಜಾಡಿನ ಮೇಲೇ ಡಾಂಬರು ಸುರಿದ ಕಡೆ ಇದು ಕಾಗದದಲ್ಲೇ ಉಳಿಯುತ್ತದೆ. ಎತ್ತುಗಳು ಹತ್ತುತ್ತಿದ್ದ ದಿಣ್ಣೆಗೆ ಯಾವ ಎಂಜಿನಿಯರ್ ಟೇಪು ಹಿಡಿದಿದ್ದ?

ಈ ನಾಲ್ಕೂ ತಾಲ್ಲೂಕುಗಳಿರುವ ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಬಂದದ್ದು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಸಿಡಿದು ತಾಲ್ಲೂಕಾಗಿ ಇನ್ನೂ ಹೆಚ್ಚು ವರ್ಷವಾಗಿಲ್ಲ. ಹೀಗೆ ಬೇರೆ ಬೇರೆ ಜಿಲ್ಲೆಗಳ ಅಂಚು ಸೇರಿಸಿ ಹೊಲಿದದ್ದರಿಂದಲೇ ಮಲೆನಾಡಿನ ಸೆರಗೂ ಬಯಲುಸೀಮೆಯ ನಡುಮಧ್ಯವೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ.

ಮಲೆನಾಡಿನ ಸೆರಗು ನ್ಯಾಮತಿ. ಹೊನ್ನಾಳಿಯಲ್ಲಿ ಹೊಳೆ ದಂಡೆಯ ಗದ್ದೆ, ಮರಳು, ಹೆದ್ದಾರಿಯ ಗದ್ದಲ ಎಲ್ಲ ಇದೆ. ಅಲ್ಲಿಂದ ನೈರುತ್ಯಕ್ಕೆ ತಿರುಗಿ ನ್ಯಾಮತಿ ದಾಟಿ, ಬೆಳಗುತ್ತಿಯ ಕಡೆ ಹೊರಳಿದರೆ ನೆಲದ ಗುಣ ಬದಲಾಗುತ್ತದೆ. ಮೆಕ್ಕೆಜೋಳದ ಹೊಲ, ನಡುವೆ ಅಡಿಕೆ ತೋಟ, ಆಮೇಲೆ ಕುರುಚಲು ಕಾಡು, ಎದುರಿಗೆ ನೀಲಿ ಗುಡ್ಡದ ಸಾಲು. ಆ ಗುಡ್ಡದ ಮಡಿಲಲ್ಲಿ ತೀರ್ಥರಾಮೇಶ್ವರ. ದೇವಸ್ಥಾನದ ಹತ್ತಿರದ ಚಿಲುಮೆ ಬೇಸಿಗೆಯಲ್ಲೂ ಬತ್ತುವುದಿಲ್ಲ. ಕೊನೆಯ ಏರು ಹತ್ತಿ ಬಂದವರು ಆ ನೀರಿನಲ್ಲಿ ಮುಖ ತೊಳೆದಾಗ ಭಕ್ತಿ ತಾನಾಗಿ ಬರುತ್ತದೆ, ನಾಸ್ತಿಕರಿಗೂ. ಮೇಲೆ ಮಂಗಗಳ ಕಾಟವುಂಟು. ಬಾಳೆಹಣ್ಣನ್ನು ಬೆನ್ನ ಚೀಲದ ಹೊರಜೇಬಿನಲ್ಲಿ ಇಡಬೇಡಿ.

ಇದೇ ಸೀಮೆಯಲ್ಲಿ ಸೂರಗೊಂಡನಕೊಪ್ಪ ಇದೆ, ಬಂಜಾರರು ಭಾಯಾಗಡ ಎನ್ನುವ ಜಾಗ. ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲಿ, 1739ರ ಫೆಬ್ರುವರಿ 15ರಂದು ಎಂಬುದು ಸಮುದಾಯದ ನಂಬಿಕೆ. ಪ್ರತಿವರ್ಷ ಫೆಬ್ರುವರಿ ನಡುವಿನಲ್ಲಿ ಜಯಂತಿಗೆ ರಾಜ್ಯದ ಮೂಲೆಮೂಲೆಯಿಂದ, ತೆಲಂಗಾಣ, ಮಹಾರಾಷ್ಟ್ರದಿಂದ ಜನ ಬರುತ್ತಾರೆ. ಮಾಲೆ ಧರಿಸಿ ನಡೆದು ಬರುವವರೂ ಇರುತ್ತಾರೆ. ಆ ದಿನಗಳಲ್ಲಿ ಈ ರಸ್ತೆ ಅವರದು, ಸೈಕಲ್ಲಿನವರು ಬೇರೆ ದಿಕ್ಕು ನೋಡಿಕೊಳ್ಳುವುದು ಲೇಸು. ಉಳಿದ ದಿನ ತಾಂಡಾಗಳ ನಡುವಿನ ಈ ದಾರಿಗಳು ಜಿಲ್ಲೆಯಲ್ಲೇ ಅತಿ ಸೊಗಸಿನವು. ಸವಳಂಗದ ಹತ್ತಿರ ಶಿವಮೊಗ್ಗ–ಶಿಕಾರಿಪುರ ರಸ್ತೆ ಸಿಕ್ಕಿದಾಗ ಮಾತ್ರ ಮತ್ತೆ ಬಸ್ಸು ಲಾರಿಗಳ ಲೋಕಕ್ಕೆ ಬಂದಂತಾಗುತ್ತದೆ. ಅದನ್ನು ದಾಟಲು ಬೇಕಾದಷ್ಟೇ ಮುಟ್ಟಿ, ಮತ್ತೆ ಒಳದಾರಿ ಹಿಡಿಯುವುದು ನನ್ನ ರೂಢಿ.

ಚನ್ನಗಿರಿಗೆ ಬನ್ನಿ. ಕೆಳದಿಯ ಚನ್ನಮ್ಮಾಜಿಯ ಹೆಸರು ಹೊತ್ತ ಊರು, ತಲೆಯ ಮೇಲೆ ಕೋಟೆ, ಕೋಟೆಯಲ್ಲಿ ರಂಗನಾಥ. ಇಲ್ಲಿ ಎಲ್ಲ ದಾರಿಗಳೂ ಅಡಿಕೆಗೇ ಹೋಗುತ್ತವೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕೊಯ್ಲು. ಖೇಣಿ ಹಿಡಿದವರು ತೋಟದಿಂದ ತೋಟಕ್ಕೆ ಓಡುತ್ತಾರೆ, ಊರಂಚಿನ ಕಣಗಳಲ್ಲಿ ಬೇಯಿಸಿದ ಅಡಿಕೆ ಕೆಂಪಗೆ ಹರಡಿರುತ್ತದೆ, ಚೊಗರಿನ ಒಗರು ವಾಸನೆ ಒಂದೂರು ದಾಟುವ ಮೊದಲೇ ಇನ್ನೊಂದೂರಿನದು ಶುರುವಾಗುತ್ತದೆ. ತೋಟದ ನೆರಳು ರಸ್ತೆಯ ಮೇಲೆ ಬೀಳುವುದರಿಂದ ಹತ್ತು ಗಂಟೆಯವರೆಗೂ ತಂಪು.

ಸೂಳೆಕೆರೆಯನ್ನು ನೋಡದೆ ಚನ್ನಗಿರಿ ನೋಡಿದೆ ಎನ್ನುವಂತಿಲ್ಲ. ಸರ್ಕಾರಿ ಫಲಕದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಸಮುದ್ರದಂಥ ನೀರು ನಿಲ್ಲಿಸಿದ್ದಾರೆ. ಏರಿ ಅಷ್ಟೇನೂ ಉದ್ದವಿಲ್ಲ. ಸರಿಯಾದ ಜಾಗ ಆರಿಸಿದ್ದೇ ಜಾಣ್ಮೆ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳು. ಹೊರಬಿದ್ದ ನೀರು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಚಿತ್ರದುರ್ಗದವರು ಕುಡಿಯುವುದೂ ಈ ನೀರನ್ನೇ. ಸೈಕಲ್ಲಿನವರಿಗೆ ಇದರಿಂದ ಒಂದು ಪಾಠವಿದೆ: ಕೆರೆಯಿಂದ ಹರಿದ್ರಾ ಜೊತೆ ಕೆಳಗೆ ಹೋದರೆ ಕಾಲಿಗೆ ಆರಾಮ, ಕೆರೆಗೆ ನೀರು ತರುವ ಹಳ್ಳಗಳನ್ನು ಅಡ್ಡ ಹಾಯ್ದು ಹೋದರೆ ಏರು ತಪ್ಪದು.

ಏರು ಬೇಡವೆನಿಸಿದ ದಿನಕ್ಕೂ ಉಪಾಯವಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬರುವ ಬಲದಂಡೆ ಚಾನಲ್‌ಗಳು ಈ ತಾಲ್ಲೂಕಿನ ತುಂಬ ಹಬ್ಬಿವೆ. ನೀರು ತನ್ನಷ್ಟಕ್ಕೆ ಹರಿಯಬೇಕು, ಆದರೆ ಜೋರಾಗಿ ಓಡಿ ದಂಡೆ ಕೊರೆಯಬಾರದು. ಹೀಗಾಗಿ ಸಾವಿರಾರು ಅಡಿಗೆ ಒಂದಡಿ ಇಳಿಯುವಂತೆ ಚಾನಲ್ ತೋಡಿರುತ್ತಾರೆ. ಅದರ ಪಕ್ಕದ ಮಣ್ಣಿನ ರಸ್ತೆಯೂ ಅಷ್ಟೇ ಸಮ. ಗುಡ್ಡದ ಸೊಂಟ ಬಳಸಿಕೊಂಡು ಹೋಗುವ ಈ ದಾರಿಯಲ್ಲಿ ಗುಡ್ಡವನ್ನೂ ನೋಡಬಹುದು, ಹತ್ತುವ ಶ್ರಮವೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಅತ್ತ ತಲೆ ಹಾಕಬಾರದು. ಎರೆಮಣ್ಣು ಟಯರಿಗೂ ಬ್ರೇಕಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ.

ಸಂತೇಬೆನ್ನೂರಿನ ಪುಷ್ಕರಿಣಿ ನಿಲ್ಲಲು ತಕ್ಕ ಜಾಗ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು, ನೀರಿನ ನಡುವೆ ವಸಂತ ಮಂಟಪ. ದಂಡೆಯ ಮೇಲೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಾಲದ ಮುಸಾಫಿರ್ ಖಾನೆ. ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇದೆ. 1664ರಲ್ಲಿ ಬೇಟೆಗೆಂದು ಹೋಗಿ, ಕುದುರೆ ಎಡವಿ ಬಿದ್ದು ಸತ್ತ. ಯುದ್ಧಭೂಮಿಗಳಲ್ಲಿ ಬದುಕಿ ಬಂದವನಿಗೂ ಈ ಏರುತಗ್ಗಿನ ನೆಲದಲ್ಲಿ ವೇಗ ಒಗ್ಗಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಬಿಡುವ ಹುಡುಗರಿಗೆ ಈ ಸಮಾಧಿಯನ್ನು ಒಮ್ಮೆ ತೋರಿಸಬೇಕು.

ಚನ್ನಗಿರಿಯ ದಕ್ಷಿಣಕ್ಕೆ, ಉಬ್ರಾಣಿ, ಜೋಳದಾಳು ಕಡೆ, ಕಾಡು ದಟ್ಟವಾಗುತ್ತದೆ. ರಸ್ತೆ ಚೆಂದ, ಏರು ಚೆಂದ. ಆದರೆ ಭದ್ರಾ ಅಭಯಾರಣ್ಯದ ಕಡೆಯಿಂದ ಆನೆಗಳು ಇಲ್ಲಿಗೆ ಬರುವುದುಂಟು. ನಸುಕಿನಲ್ಲಿ, ಸಂಜೆ ಹೊತ್ತು ಅಲ್ಲಿ ಸೈಕಲ್ ತುಳಿಯಬಾರದು. ಸೈಕಲ್ಲಿಗೆ ಸದ್ದಿಲ್ಲ ಎಂಬುದು ಉಳಿದೆಲ್ಲ ಕಡೆ ಗುಣ, ಇಲ್ಲಿ ಅಪಾಯ. ಹೊರಡುವ ಮೊದಲು ಹಿಂದಿನ ಊರಿನ ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ. ನಿನ್ನೆ ರಾತ್ರಿ ಯಾರ ತೋಟಕ್ಕೆ ನುಗ್ಗಿತ್ತು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಜಗಳೂರಿನ ಕಥೆಯೇ ಬೇರೆ. ದಾವಣಗೆರೆ ಬಿಟ್ಟು ಆಣಜಿ, ಬಿಳಿಚೋಡು ಹಾದು ಈಶಾನ್ಯಕ್ಕೆ ಹೋದಂತೆ ಮರ ಕಡಿಮೆಯಾಗಿ ಆಕಾಶ ದೊಡ್ಡದಾಗುತ್ತದೆ. ಬರಕ್ಕೆ ಹೆಸರಾದ ತಾಲ್ಲೂಕು. ಹರಿಹರದ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಅಲ್ಲಲ್ಲಿ ಕೆರೆಯಂಗಳ ಬೆಳ್ಳಗೆ ಹೊಳೆಯುವುದನ್ನು ನೋಡಬಹುದು. ಕೊಣಚಗಲ್ ಗುಡ್ಡದ ಸುತ್ತಿನ ದಾರಿಗಳಲ್ಲಿ ಸವಾರನಿಗೆ ಗುಡ್ಡಕ್ಕಿಂತ ದೊಡ್ಡ ಎದುರಾಳಿ ಗಾಳಿ. ದಿಣ್ಣೆಗಳ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸವಾರ, ಸೈಕಲ್ ಸೇರಿ 80 ಕೆ.ಜಿ. ಎಂದಿಟ್ಟುಕೊಳ್ಳಿ. ಶೇ 3ರ ಏರಿನಲ್ಲಿ ಹಿಂದಕ್ಕೆ ಎಳೆಯುವ ಭಾರ ಸುಮಾರು 2.4 ಕೆ.ಜಿ. ಈಗ ಸಮ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿರುವವನಿಗೆ 20 ಕಿ.ಮೀ. ವೇಗದ ಎದುರುಗಾಳಿ ಬಡಿದರೆ, ನೆಟ್ಟಗೆ ಕೂತ ಮೈಗೆ ಬೀಳುವ ಹೆಚ್ಚುವರಿ ತಡೆ 2 ಕೆ.ಜಿ. ದಾಟುತ್ತದೆ. ಎಂದರೆ ಕಣ್ಣಿಗೆ ಕಾಣದ, ತುದಿಯೂ ಇಲ್ಲದ ಒಂದು ಏರು. ನಿಜವಾದ ಗುಡ್ಡವಾದರೆ ಆ ಬದಿಗೆ ಇಳಿಜಾರು ಸಿಗುತ್ತದೆ, ಗಾಳಿಯ ಗುಡ್ಡಕ್ಕೆ ಆ ಬದಿಯಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈರುತ್ಯದಿಂದ. ಬೆಳಿಗ್ಗೆ ಗಾಳಿ ಏಳುವ ಮೊದಲು ಪಶ್ಚಿಮಕ್ಕೆ ತುಳಿದು, ಬಿಸಿಲೇರಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಪೂರ್ವಕ್ಕೆ ಮರಳುವ ಹಾಗೆ ದಾರಿ ಹಾಕಿಕೊಂಡರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಇದನ್ನು ತಿರುವುಮುರುವು ಮಾಡಿಕೊಂಡವರ ಮುಖವನ್ನು ಮಧ್ಯಾಹ್ನ ಜಗಳೂರು ಬಸ್ ನಿಲ್ದಾಣದಲ್ಲಿ ನೋಡಬೇಕು.

ಸುಗ್ಗಿಯಲ್ಲಿ, ನವೆಂಬರಿನಿಂದ ಜನವರಿವರೆಗೆ, ಜಗಳೂರಿನ ಒಳರಸ್ತೆಗಳೆಲ್ಲ ಕಣ. ರಾಗಿ, ಹುರುಳಿ, ತೊಗರಿಯ ಗಿಡಗಳನ್ನು ಡಾಂಬರಿನ ಮೇಲೆ ಹಾಸುತ್ತಾರೆ. ಓಡಾಡುವ ಗಾಡಿಗಳ ಚಕ್ರವೇ ರೋಣಗಲ್ಲು. ಕಾರಿನವರು ಬೈದುಕೊಂಡು ಅದರ ಮೇಲೇ ಹಾಯುತ್ತಾರೆ, ಒಕ್ಕಣೆಯಾಗುತ್ತದೆ. ಸೈಕಲ್ಲಿನವರಿಂದ ರೈತರಿಗೆ ಕಾಳಿನಷ್ಟೂ ಉಪಯೋಗವಿಲ್ಲ; ಅದರ ಬದಲು ಹುರುಳಿ ಬಳ್ಳಿ ಹಿಂದಿನ ಗೇರಿನ ಹಲ್ಲಿಗೂ ಚೈನಿಗೂ ಸುತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಮೆಕ್ಕೆಜೋಳದ ಕಾಳು ಹರಡಿದ ಕಡೆ ಬ್ರೇಕ್ ಮುಟ್ಟಲೇಬಾರದು, ಕೆಳಗೆ ಗೋಲಿಗಳಿದ್ದ ಹಾಗೆ. ರಾಶಿಯ ಸುತ್ತ ಕಾವಲಿಗೆ ಇಟ್ಟ ಕಲ್ಲುಗಳು ರಾಶಿ ಎತ್ತಿದ ಮೇಲೂ ಅಲ್ಲೇ ಬಿದ್ದಿರುತ್ತವೆ, ಕತ್ತಲಲ್ಲಿ ಬರುವವರ ಪಾಲಿಗೆ ಅವೇ ಯಮ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸೈಕಲ್ ಬೇಡ.

ಇನ್ನೊಂದು ಶತ್ರು ನೆಗ್ಗಿಲು ಮುಳ್ಳು. ರಸ್ತೆಯಂಚಿನ ಮಣ್ಣಿಗೆ ಒಂದು ಗೇಣು ಇಳಿದರೆ ಸಾಕು, ಟಯರಿನ ತುಂಬ ಅಂಟಿಕೊಳ್ಳುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಕಂಡಾದರೂ ಕಾಣುತ್ತದೆ, ನೆಗ್ಗಿಲು ಹಾಗಲ್ಲ. ಹಳ್ಳಿಯ ಪಂಕ್ಚರ್ ಅಂಗಡಿಗಳು ಈಗ ಬೈಕಿಗಾಗಿ ಇರುವಂಥವು. ಹೊಸ ರೇಸಿಂಗ್ ಸೈಕಲ್ಲುಗಳ ಸಪೂರ ವಾಲ್‌ಗೆ ಅವರ ಗಾಳಿಪೈಪು ಕೂರುವುದಿಲ್ಲ. ಬೈಕಿನ ಟ್ಯೂಬಿನಂಥ ದಪ್ಪ ವಾಲ್ ಇರುವ ಟ್ಯೂಬು ಹಾಕಿಸಿಕೊಂಡು ಹೊರಟರೆ ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ದುಬಾರಿ ಸೈಕಲ್ಲಿಗಿಂತ ಈ ಸಣ್ಣ ಜಾಣತನ ದೊಡ್ಡದು.

ಜಗಳೂರಿನಲ್ಲಿ ರಂಗಯ್ಯನದುರ್ಗದ ಕಾಡಿದೆ. 2011ರಲ್ಲಿ ಕೊಂಡುಕುರಿಗಾಗಿಯೇ ಅಭಯಾರಣ್ಯವೆಂದು ಘೋಷಣೆಯಾದ, 77 ಚದರ ಕಿ.ಮೀ.ಯಷ್ಟು ಕುರುಚಲು ಕಾಡು. ಗಂಡಿಗೆ ನಾಲ್ಕು ಕೊಂಬಿರುವ ಈ ಪ್ರಾಣಿ ಬಹಳ ನಾಚಿಕೆಯದು. ಕಾಣುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ಅಭಯಾರಣ್ಯದ ಒಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಅಂಚಿನ ಊರುಗಳ ರಸ್ತೆಯೇ ಸಾಕಷ್ಟು ನಿಶ್ಶಬ್ದ.

ಸೈಕಲ್ ಯಾವುದು ಎಂದು ಕೇಳುವವರಿಗೆ: ಗೇರಿನದು, ಸ್ವಲ್ಪ ದಪ್ಪ ಟಯರಿನದು. ಅಪ್ಪಂದಿರ ಕಾಲದ ಕಪ್ಪು ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲಿಗೆ ಅದು ಸರಿ, ಏರಿನಲ್ಲಿ ಎದ್ದು ನಿಂತು ತುಳಿಯಬೇಕು. ಗೇರಿನ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿನಷ್ಟೇ. ನಿಧಾನ, ಆದರೆ ಕೂತಲ್ಲೇ ಏರು ದಾಟುತ್ತದೆ. ದೂರದ ಸವಾರಿಯ ಹವ್ಯಾಸಿಗಳ ‘ಬ್ರೆವೆ’ ಎಂಬ ಪದ್ಧತಿಯಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಈ ದಾರಿಗಳಲ್ಲಿ ಗಡಿಯಾರ ಹಿಡಿದು ಹೋಗುವುದು ದಂಡ ಎಂಬುದು ನನ್ನ ಅಭಿಪ್ರಾಯ. ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವರೆಗೆ ಕಾಯಲಾಗದವರಿಗೆ ಹೆದ್ದಾರಿಯೇ ಸರಿ.

ಯಾವ ಊರಿನ ಕಟ್ಟೆಯ ಹತ್ತಿರ ನಿಂತರೂ ಕೇಳುವ ಪ್ರಶ್ನೆ ಒಂದೇ. ‘ಯಾವೂರ್ರೀ? ಬೈಕ್ ಇಲ್ಲೇನ್ರೀ ನಿಮ್ಗೆ?’ ಇದೆ ಎಂದರೆ ಇನ್ನೂ ಗೊಂದಲ: ‘ಮತ್ಯಾಕ್ರೀ ಈ ಉಸಾಬರಿ?’ ನಗುತ್ತ ಕೇಳಿದರೂ ಇದರ ಹಿಂದೊಂದು ಸತ್ಯವಿದೆ. ಇಲ್ಲಿಯ ಜನ ಸೈಕಲ್ ಬಿಟ್ಟು ಬಹಳ ದಿನವಾಗಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾದಾಗ ಈ ರಸ್ತೆಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹುಡುಗಿಯರ ಸೈಕಲ್ ಸಾಲುಗಳೇ ಹೋಗುತ್ತಿದ್ದವು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಈ ದಾರಿಗಳ ನಿಜವಾದ ಹಕ್ಕುದಾರರು ಆ ಮಕ್ಕಳು, ನಾವು ನೆಂಟರು. ಸೈಕಲ್ ಕೊಡುವುದನ್ನು ಸರ್ಕಾರ ಮತ್ತೆ ಶುರು ಮಾಡಿದರೆ ಈ ರಸ್ತೆಗಳಿಗೆ ಅದಕ್ಕಿಂತ ಒಳ್ಳೆಯ ಬಳಕೆ ಇನ್ನೊಂದಿಲ್ಲ.

ನಾಲ್ಕರಲ್ಲಿ ಒಂದನ್ನೇ ಆರಿಸಿ ಎಂದರೆ ನನ್ನ ಮತ ನ್ಯಾಮತಿಗೆ. ಚಿತ್ತಾ ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ಆಸುಪಾಸು. ಹೊಸಬರು ಸೂಳೆಕೆರೆ–ಸಂತೇಬೆನ್ನೂರಿನಿಂದ ಆರಂಭಿಸಲಿ, ಜಗಳೂರನ್ನು ಕಾಲು ಪಳಗಿದ ಮೇಲೆ ನೋಡಲಿ. ಹೋಗುವವರು ನಾಲ್ಕೈದು ಜನಕ್ಕಿಂತ ದೊಡ್ಡ ಗುಂಪು ಕಟ್ಟಬೇಡಿ, ಕುರಿಮಂದೆ ಬಂದರೆ ಇಳಿದು ನಿಲ್ಲಿ, ಕಣದ ಮೇಲೆ ಹಾಯಬೇಡಿ. ತಿಂಡಿಯನ್ನು ಮನೆಯಿಂದ ಕಟ್ಟಿಕೊಂಡು ಹೋಗದೆ ಆ ಊರಿನ ಹೋಟೆಲಿನಲ್ಲೇ ತಿನ್ನಿ.